ಹಳೇ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹಳೇ ಕಾರುಗಳನ್ನು ಜನ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮಿಪುರಂ ಕಡೆ ಒಂದು ಸುತ್ತು ಹಾಕಿ. ಕವರ್ ಹೊದ್ದು ನಿಂತ ಮಾರುತಿ 800, ಝೆನ್, ಎಲ್ಲೋ ಒಂದು ಪದ್ಮಿನಿ ಕಣ್ಣಿಗೆ ಬೀಳುತ್ತವೆ. ವಾರಕ್ಕೊಮ್ಮೆ ತೊಳೆಯುತ್ತಾರೆ, ಬ್ಯಾಟರಿ ನೋಡಿಕೊಳ್ಳುತ್ತಾರೆ, ಇಂಜಿನ್ ಆಯಿಲ್ ಬದಲಿಸುತ್ತಾರೆ. ಬ್ರೇಕ್ ಆಯಿಲ್ ಮಾತ್ರ ನೆನಪಿಗೇ ಬರುವುದಿಲ್ಲ. ಒಂದು ದಿನ ಪೆಡಲ್ ಮೆತ್ತಗಾಗುತ್ತದೆ. ಗ್ಯಾರೇಜಿನಲ್ಲಿ "ಏರ್ ಹಿಡಿದಿದೆ ಸಾರ್, ತೆಗೆದುಬಿಡೋಣ" ಅನ್ನುತ್ತಾರೆ. ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತದೇ ಕಥೆ.

ಏರ್ ಅಂದರೆ ಬ್ರೇಕ್ ಆಯಿಲ್ ಪೈಪಿನೊಳಗೆ ಸೇರಿಕೊಂಡ ಗಾಳಿ. ಅದನ್ನು ತೆಗೆಯುವುದು ಅರ್ಧ ಕೆಲಸ. ಅದು ಒಳಗೆ ಹೋಗಿದ್ದು ಎಲ್ಲಿಂದ ಅಂತ ಹುಡುಕುವುದು ಉಳಿದರ್ಧ. ಕೆಳಗಿನ ಉತ್ತರಗಳೆಲ್ಲ ಆ ಹುಡುಕಾಟದ ಬಗ್ಗೆ.

ಪೆಡಲ್ ಮೆತ್ತಗಿದೆ ಅಂದರೆ ಸರಿಯಾಗಿ ಏನು? ನನ್ನದು ಅದೇ ತೊಂದರೆನಾ?

ಬ್ರೇಕ್ ಸರಿ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿದರೆ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ. ಕಾಲಿಗೆ ಏನು ಸಿಗುತ್ತಿದೆ ಅಂತ ಗಮನಿಸಿ.

ಒತ್ತಿದಷ್ಟೂ ಹೋಗುತ್ತದೆ, ಎಲ್ಲೂ ಗಟ್ಟಿ ಸಿಗುವುದಿಲ್ಲ, ಕಾಲು ಸಡಿಲಿಸಿದರೆ ಪುಟಿದು ಬರುತ್ತದೆ. ಇದು ಮೆತ್ತಗಿನ ಪೆಡಲ್. ಹೆಚ್ಚಾಗಿ ಏರ್ ಇರುತ್ತದೆ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿರುತ್ತದೆ.

ಮೊದಲ ಸಲ ಆಳಕ್ಕೆ ಹೋಗಿ ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತದೆ ಅಂದರೆ ಅದು ಮೆತ್ತಗಲ್ಲ, ಪೆಡಲ್ ಕೆಳಗಿಳಿದಿದೆ ಅಷ್ಟೆ. ಹಿಂದಿನ ಚಕ್ರದ ಜೊತೆ ತಿರುಗುವ ಡ್ರಮ್ಮಿನಲ್ಲಿ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳು ಸವೆದು ದೂರ ಸರಿದಿರುತ್ತವೆ. ಇದಕ್ಕೆ ಎಷ್ಟು ಸಲ ಏರ್ ತೆಗೆಸಿದರೂ ದುಡ್ಡು ದಂಡ.

ಸಿಗ್ನಲ್‌ನಲ್ಲಿ ಕಾಲಿಟ್ಟು ನಿಂತಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ ಅದು ಬೇರೆ ರೋಗ, ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನದು. ಪೆಡಲ್ ಸಿಕ್ಕಾಪಟ್ಟೆ ಗಟ್ಟಿಯಾಗಿ, ಬಲ ಹಾಕಿ ತುಳಿದರೂ ಗಾಡಿ ನಿಲ್ಲದಿದ್ದರೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಬೇಕು. ಬೂಸ್ಟರ್ ಕೆಟ್ಟರೆ ಪೆಡಲ್ ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ.

ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ. ಇದೂ ತೊಂದರೆನಾ?

ಅಲ್ಲ. ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಇಂಜಿನ್ ಆಫ್ ಇದ್ದಾಗ ನಾಲ್ಕೈದು ಸಲ ತುಳಿದು, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಇಳಿದು ನಿಲ್ಲಲೇಬೇಕು. ನಿಲ್ಲದೆ ಇಳಿಯುತ್ತಲೇ ಹೋದರೆ ಮಾತ್ರ ಚಿಂತೆ ಮಾಡಿ.

ಸ್ವಲ್ಪ ಏರ್ ಇದ್ದರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಸೂಜಿ ಇಲ್ಲದ ಸಿರಿಂಜಿಗೆ ನೀರು ತುಂಬಿ, ತುದಿಗೆ ಬೆರಳು ಒತ್ತಿ ಹಿಡಿದು ತಳ್ಳಿ ನೋಡಿ. ಅಲುಗಾಡುವುದಿಲ್ಲ. ಒಂದು ಗುಳ್ಳೆ ಗಾಳಿ ಬಿಟ್ಟು ಮತ್ತೆ ತಳ್ಳಿ, ಒಳಗೆ ಹೋಗುತ್ತದೆ. ನಿಮ್ಮ ಕಾಲಿನ ಬಲ ಚಕ್ರಕ್ಕೆ ಹೋಗುವ ಬದಲು ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಪೆಡಲ್ ಓಡಾಡುವುದೇ ಕೆಲವು ಇಂಚು. ಅದರಲ್ಲಿ ಗಾಳಿಗೆ ಅರ್ಧ ಹೋದರೆ ಬ್ರೇಕಿಗೆ ಏನು ಉಳಿಯುತ್ತದೆ?

ಗ್ಯಾರೇಜಿಗೆ ಹೋಗುವ ಮುಂಚೆ ಮನೆಯಲ್ಲೇ ಏನೇನು ನೋಡಬಹುದು?

ಬಹಳಷ್ಟು ನೋಡಬಹುದು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಸಹಾಯಕ್ಕೆ ಮನೆಯವರು ಒಬ್ಬರಿದ್ದರೆ ಸಾಕು.

ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಎಷ್ಟಿದೆ, ಬಣ್ಣ ಹೇಗಿದೆ? ಹೊಸ ಆಯಿಲ್ ತಿಳಿ ಜೇನಿನ ಬಣ್ಣಕ್ಕಿರುತ್ತದೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ವರ್ಷಗಟ್ಟಲೆ ಬದಲಿಸಿಲ್ಲ. ಮುಚ್ಚಳ ತೆಗೆಯುವ ಮುಂಚೆ ಸುತ್ತಲಿನ ಧೂಳು ಒರೆಸಿ. ಒಂದು ಹರಳು ಮರಳು ಒಳಗೆ ಬಿದ್ದರೂ ಮಾಸ್ಟರ್ ಸಿಲಿಂಡರಿನ ರಬ್ಬರಿಗೆ ಗೀರು.

ಆಮೇಲೆ ಇಂಜಿನ್ ಆಫ್ ಇಟ್ಟು ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಪಂಪ್ ಮಾಡಿ. ಒಂದೊಂದು ಸಲಕ್ಕೂ ಎತ್ತರ ಏರಿ ಗಟ್ಟಿಯಾಗುತ್ತಾ ಬಂದರೆ ಎರಡು ಸಾಧ್ಯತೆ: ಏರ್, ಅಥವಾ ಶೂ ದೂರ ಇರುವುದು. ಎರಡನ್ನೂ ಬೇರ್ಪಡಿಸಲು ಸುಲಭದ ದಾರಿ ಇದೆ. ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆದು ಮತ್ತೆ ಪೆಡಲ್ ತುಳಿಯಿರಿ. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನು ಡ್ರಮ್ಮಿಗೆ ಒತ್ತಿ ಹಿಡಿಯುವ ಕಾರುಗಳಲ್ಲಿ ಈಗ ಪೆಡಲ್ ತಟ್ಟನೆ ಮೇಲೆ ಬಂದು ಗಟ್ಟಿಯಾದರೆ ತೊಂದರೆ ಶೂ ಅಡ್ಜಸ್ಟ್‌ಮೆಂಟಿನದು. ಏನೂ ಬದಲಾಗದಿದ್ದರೆ ಏರ್ ಕಡೆ ಗಮನ ಕೊಡಿ. ನನ್ನ ಪ್ರಕಾರ ಈ ಒಂದು ಪರೀಕ್ಷೆ ಎಲ್ಲ ಹಳೇ ಕಾರಿನವರಿಗೂ ಗೊತ್ತಿರಬೇಕು. ಬೇಡದ ರಿಪೇರಿ ಎಷ್ಟೋ ಇದರಿಂದಲೇ ತಪ್ಪುತ್ತದೆ.

ಇನ್ನೊಂದು: ಪೆಡಲನ್ನು ಒಂದೇ ಸಮ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಜೋರಾಗಿ ಒಮ್ಮೆ, ಹಗುರವಾಗಿ ಒಮ್ಮೆ. ಸವೆದ ರಬ್ಬರ್ ಜೋರು ಒತ್ತಡದಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲಬಹುದು, ಹಗುರ ಒತ್ತಡದಲ್ಲಿ ಮಾತ್ರ ಜಾರುತ್ತದೆ. ಅದಕ್ಕೇ ಎರಡೂ ಮಾಡಬೇಕು.

ಕೊನೆಗೆ, ಒಬ್ಬರು ಪೆಡಲ್ ತುಳಿಯುತ್ತಿರುವಾಗ ಇನ್ನೊಬ್ಬರು ಮುಂದಿನ ಚಕ್ರದ ಹತ್ತಿರದ ರಬ್ಬರ್ ಹೋಸನ್ನು ಬೆರಳಲ್ಲಿ ಹಿಡಿದು ನೋಡಲಿ. ತುಳಿದಾಗ ಬೆರಳ ಕೆಳಗೆ ಹೋಸ್ ದಪ್ಪ ಆದಂತೆ ಅನ್ನಿಸಿದರೆ ಅದರ ಆಯಸ್ಸು ಮುಗಿದಿದೆ. ಮೇಲೆ ಸೀಳು ಸೀಳಾಗಿದ್ದರೂ ಅಷ್ಟೆ.

ಆಯಿಲ್ ಮಟ್ಟ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಲ್ಲಿಗೆ ಹೋಗುತ್ತಿದೆ?

ಡಿಸ್ಕ್ ಬ್ರೇಕಿನ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಸ್ವಲ್ಪ ಇಳಿಯುವುದು ಸಹಜ. ತಿಂಗಳಿಗೊಮ್ಮೆ ತುಂಬಿಸುವಂತಾದರೆ ಸೋರಿಕೆ ಇದ್ದೇ ಇದೆ.

ಹಿಂದಿನ ಡ್ರಮ್ ಬಿಚ್ಚಿಸಿ ನೋಡಿ. ಶೂಗಳ ನಡುವೆ ಮೇಲ್ಗಡೆ ಹೆಬ್ಬೆರಳು ಗಾತ್ರದ ವೀಲ್ ಸಿಲಿಂಡರ್ ಇರುತ್ತದೆ. ಎರಡೂ ತುದಿಗೆ ಕಪ್ಪು ರಬ್ಬರ್ ಟೊಪ್ಪಿ. ಅದರ ಅಂಚನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಒಳ್ಳೆಯದು. ಒಂದು ಹನಿ ಜಿನುಗಿ ಬಂದರೆ ಒಳಗಿನ ಬಕೆಟ್ ರಬ್ಬರ್ (ಆಯಿಲ್ ತಡೆಯುವ ಬಟ್ಟಲಿನಾಕಾರದ ಸೀಲ್) ಹೋಗಿದೆ. ಸೋರಿದ್ದು ಡ್ರಮ್ಮಿನೊಳಗಿನ ಧೂಳಿಗೆ ಬೆರೆತು ಕರಿ ಕೆಸರಿನಂತೆ ಅಂಟಿಕೊಂಡಿರುತ್ತದೆ. ಅದಕ್ಕೇ ನೆಲಕ್ಕೆ ಬೀಳುವುದಿಲ್ಲ. ತುಂಬಾ ಸೋರಿದರೆ ಟೈರಿನ ಒಳಮೈ ಮೇಲೆ ಒದ್ದೆ ಗೆರೆ ಕಾಣುತ್ತದೆ. ಆಯಿಲ್ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಇದೆ. ದಯವಿಟ್ಟು ಬೇಡ. ಎರಡೂ ಕಡೆ ಹೊಸ ಶೂ ಹಾಕಿಸಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದಕ್ಕೂ ಬಿಡಬೇಡಿ, ಹಳೇ ಶೂಗಳ ಲೈನರ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಡ್ರಮ್ಮೂ ಒಣಗಿದ್ದರೆ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂರುವ ಜಾಗ ನೋಡಿ. ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರಿನ ಹೊಟ್ಟೆಗೆ ಸೇರುತ್ತದೆ, ಹೊರಗೆ ಕಾಣುವುದೇ ಇಲ್ಲ. ಜೋಡಣೆಯ ಕೆಳಗೆ ಪೇಂಟ್ ಎದ್ದು ಸಿಪ್ಪೆ ಬಂದಿದ್ದರೆ ಅದೇ ಗುರುತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಬೂಸ್ಟರ್ ಇಲ್ಲದ ಕಾರಿನಲ್ಲಾದರೆ ಡ್ರೈವರ್ ಕಾಲ ಹತ್ತಿರದ ಕಾರ್ಪೆಟ್ ಮುಟ್ಟಿ ನೋಡಿ.

ಎಲ್ಲೂ ಸೋರಿಕೆ ಇಲ್ಲ, ಮಟ್ಟವೂ ಇಳಿದಿಲ್ಲ. ಆದರೂ ಪೆಡಲ್ ನಿಧಾನಕ್ಕೆ ಕೆಳಗೆ ಹೋಗುತ್ತಿದೆ.

ಹಾಗಾದರೆ ಮಾಸ್ಟರ್ ಸಿಲಿಂಡರ್. ಒಳಗಿನ ರಬ್ಬರ್ ಸವೆದು ಆಯಿಲ್ ಅದನ್ನು ದಾಟಿ ಹಿಂದಕ್ಕೇ ಹೋಗುತ್ತಿದೆ. ಹೊರಗೆ ಬರುವುದಿಲ್ಲ, ಅದಕ್ಕೇ ಮಟ್ಟ ಇಳಿಯುವುದಿಲ್ಲ.

ರಬ್ಬರ್ ಕಿಟ್ ಹಾಕಬೇಕಾ, ಹೊಸ ಸಿಲಿಂಡರೇ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಿಚ್ಚಿದ ಮೇಲೆ ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೀವೇ ನೋಡಿ. ಕನ್ನಡಿಯಂತೆ ನುಣುಪಾಗಿದ್ದರೆ ಕಿಟ್ ಸಾಕು. ಚುಕ್ಕೆ ಚುಕ್ಕೆ ತುಕ್ಕು, ಉಗುರಿಗೆ ಸಿಗುವ ಗೀರು ಇದ್ದರೆ ಹೊಸ ಕಿಟ್ ಹಾಕಿದರೂ ಬೇಗ ಕೈ ಕೊಡುತ್ತದೆ. ಬ್ರೇಕಿನ ವಿಷಯದಲ್ಲಿ ಆ ಉಳಿತಾಯ ಬೇಡ.

ಎರಡು ಸಲ ಏರ್ ತೆಗೆಸಿದ್ದಾಯಿತು. ಇನ್ನೂ ಮೆತ್ತಗೇ ಇದೆ. ಮುಂದೇನು?

ಇಲ್ಲಿಯೇ ಜನ ಬೇಸತ್ತು ಗಾಡಿ ಮಾರಿಬಿಡೋಣ ಅನ್ನುವುದು. ಸಮಾಧಾನವಾಗಿ ಒಂದೊಂದೇ ನೋಡಿ.

ಇತ್ತೀಚೆಗೆ ಮುಂದಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿಸಿದ್ದರಾ? ಬಲ, ಎಡ ಅದಲು ಬದಲಾಗಿ ಕೂತಿರಬಹುದು. ಕೂರುವುದೇನೋ ಸರಿಯಾಗಿಯೇ ಕೂರುತ್ತದೆ, ಆದರೆ ಏರ್ ಬಿಡುವ ನಿಪ್ಪಲ್ ಕೆಳಮುಖವಾಗುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ನಿಪ್ಪಲ್ ಕೆಳಗಿರುತ್ತದೆ. ಲೀಟರ್‌ಗಟ್ಟಲೆ ಆಯಿಲ್ ಹರಿಸಿದರೂ ಗಾಳಿ ಬರುವುದಿಲ್ಲ. ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು.

ಮಾಸ್ಟರ್ ಸಿಲಿಂಡರ್ ಹೊಸದು ಹಾಕಿದ್ದರೆ, ಕೂರಿಸುವ ಮುಂಚೆ ಅದನ್ನು ವೈಸಿಗೆ ಕಟ್ಟಿ, ಆಯಿಲ್ ತುಂಬಿ, ಅದರೊಳಗಿನ ಗಾಳಿ ತೆಗೆದಿದ್ದರಾ ಅಂತ ಕೇಳಿ. ಒಣ ಸಿಲಿಂಡರನ್ನು ಹಾಗೇ ಕೂರಿಸಿದರೆ ಗಾಳಿ ಅಲ್ಲೇ ಮೂಲೆಯಲ್ಲಿ ಉಳಿಯುತ್ತದೆ.

ಹಳೇ ಮಾಸ್ಟರ್ ಸಿಲಿಂಡರ್ ಇಟ್ಟುಕೊಂಡೇ ಏರ್ ತೆಗೆದಿದ್ದರೆ, ಪೆಡಲನ್ನು ನೆಲದವರೆಗೂ ತುಳಿದು ತುಳಿದು ಅದೇ ಕೆಟ್ಟಿರಲೂಬಹುದು. ದಿನಾ ಓಡಿಸುವಾಗ ಪೆಡಲ್ ಅರ್ಧದಾಚೆ ಹೋಗುವುದಿಲ್ಲ. ಅದರಾಚೆಯ ಗೋಡೆ ಮೇಲೆ ವರ್ಷಗಳ ಕಸ, ತುಕ್ಕು ಕೂತಿರುತ್ತದೆ. ಪೂರ್ತಿ ತುಳಿದಾಗ ರಬ್ಬರ್ ಅದರ ಮೇಲೆ ಓಡಿ ಹರಿಯುತ್ತದೆ. ಹಳೇ ಕಾರಿನಲ್ಲಿ ಏರ್ ತೆಗೆಯುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ಕೆಳಗೆ ಹೋಗದಂತೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ. ನೀವೇ ಕೇಳಿಕೊಳ್ಳಿ, ತಪ್ಪೇನಿಲ್ಲ.

ವೀಲ್ ಬೇರಿಂಗ್ ಆಡುತ್ತಿದ್ದರೆ ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಹಳ್ಳ ದಿಣ್ಣೆ ದಾಟಿದ ಮೇಲಿನ ಮೊದಲ ಬ್ರೇಕ್ ಮಾತ್ರ ಆಳಕ್ಕೆ ಹೋದರೆ ಇದನ್ನು ಅನುಮಾನಿಸಿ. ಹೊಸ ಶೂ ಹಾಕಿದ ಮೊದಲ ದಿನಗಳಲ್ಲಿ ಶೂ ಮತ್ತು ಡ್ರಮ್ ಪೂರ್ತಿ ಕೂಡಿಕೊಳ್ಳದೆ ಪೆಡಲ್ ಸ್ವಲ್ಪ ಮೆತ್ತಗಿರುವುದೂ ಉಂಟು. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಅದರ ಡಬ್ಬಿಯೊಳಗೆ ಸಿಕ್ಕ ಗಾಳಿ ತೆಗೆಯಲು ಕೆಲವು ಮಾಡೆಲ್‌ಗಳಿಗೆ ಸ್ಕ್ಯಾನರ್ ಬೇಕೇ ಬೇಕು.

ಚಾಮುಂಡಿ ಬೆಟ್ಟ ಇಳಿಯುವಾಗ ಮಾತ್ರ ಪೆಡಲ್ ಮೆತ್ತಗಾಗುತ್ತದೆ, ಮನೆಗೆ ಬಂದು ನೋಡಿದರೆ ಸರಿ ಇರುತ್ತದೆ. ಯಾಕೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೇಕ್ ಆಯಿಲ್ ಕುದಿಯುತ್ತಿದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ (DOT) ಅನ್ನುವುದು ಬ್ರೇಕ್ ಆಯಿಲಿನ ಗ್ರೇಡ್. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಬೆಟ್ಟದಿಂದ ಇಳಿಯುವಾಗ ಕಾಲು ಬ್ರೇಕ್ ಮೇಲೇ ಇದ್ದರೆ ಬಿಸಿ ಕ್ಯಾಲಿಪರಿನಿಂದ ಆಯಿಲ್‌ಗೆ ಹತ್ತುತ್ತದೆ. ಕುದಿದಾಗ ಆವಿ ಗುಳ್ಳೆ ಏಳುತ್ತದೆ, ಪೆಡಲ್ ಸೀದಾ ಒಳಗೆ ಹೋಗುತ್ತದೆ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಮನೆಗೆ ಬರುವಷ್ಟರಲ್ಲಿ ಸಾಕ್ಷಿಯೇ ಇರುವುದಿಲ್ಲ.

ಚಾಮುಂಡಿ ಬೆಟ್ಟ ಚಿಕ್ಕದು. ಅಲ್ಲೇ ಹೀಗಾದರೆ, ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯ 36 ತಿರುವಿನಲ್ಲಿ ಏನಾಗಬಹುದು ಯೋಚಿಸಿ. ಆಯಿಲ್ ಪೂರ್ತಿ ಬದಲಿಸುವ ತನಕ ಘಾಟಿ ಕಡೆ ತಲೆ ಹಾಕಬೇಡಿ. ಇಳಿಯುವಾಗ ಎರಡನೇ ಗೇರ್, ಕಡಿದಾದ ಕಡೆ ಮೊದಲನೇ ಗೇರ್ ಹಾಕಿ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರಿಸಿಕೊಂಡು ಬರುವ ಚಾಳಿ ಕೆಲವರಿಗಿದೆ. ಬೂಸ್ಟರಿನ ಶಕ್ತಿ ಎರಡು ಮೂರು ಒತ್ತಿಗೆ ಖಾಲಿಯಾಗುತ್ತದೆ, ಇಂಜಿನ್ ಹಿಡಿತವೂ ಇರುವುದಿಲ್ಲ. ಅದರಲ್ಲಿ ಉಳಿಯುವ ಪೆಟ್ರೋಲ್ ಯಾವ ಲೆಕ್ಕಕ್ಕೂ ಇಲ್ಲ.

ಗಾಡಿ ವರ್ಷಕ್ಕೆ ಸಾವಿರ ಕಿಲೋಮೀಟರ್ ಕೂಡ ಓಡುವುದಿಲ್ಲ. ಆದರೂ ಆಯಿಲ್ ಬದಲಿಸಬೇಕಾ?

ಬದಲಿಸಬೇಕು. ನಿಂತ ಗಾಡಿಯಲ್ಲೂ ಆಯಿಲ್ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ನಂಜನಗೂಡಿಗೆ, ಮದುವೆ ಮನೆಗೆ ಅಂತ ಅಪರೂಪಕ್ಕೆ ತೆಗೆಯುವ ಕಾರುಗಳಲ್ಲೇ ವೀಲ್ ಸಿಲಿಂಡರ್ ತುಕ್ಕು ಹಿಡಿಯುವುದು ಜಾಸ್ತಿ.

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡನ್ನೇ ಹಾಕಿ. ಡಾಟ್ 3 ಕೇಳುವ ಕಾರಿಗೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಸೀಲ್ ಇರುವ ಚಿಕ್ಕ ಬಾಟಲಿ ಕೊಳ್ಳಿ. ತೆರೆದಿಟ್ಟು ಉಳಿದದ್ದು ಮುಂದಿನ ವರ್ಷಕ್ಕೆ ಬೇಡ.

ಮನೆಯಲ್ಲೇ ಏರ್ ತೆಗೆಯಬಹುದಾ?

ಕೈ ಪಳಗಿದವರು ಜೊತೆಗಿದ್ದರೆ ಮಾಡಬಹುದು. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡ ಚಕ್ರದಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಲ್ಲಿ ಬ್ರೇಕ್ ಲೈನ್ ಮೂಲೆಯಿಂದ ಮೂಲೆಗೆ ಹೋಗಿರುತ್ತದೆ, ಅವುಗಳಿಗೆ ಕೈಪಿಡಿಯಲ್ಲಿರುವ ಕ್ರಮವೇ ಸರಿ.

ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಉಜ್ಜಿಹೋಗುತ್ತದೆ. ಪಾರದರ್ಶಕ ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಒಳಗಿರುವವರು ನಿಧಾನಕ್ಕೆ ತುಳಿದು "ಹಿಡಿದೆ" ಅನ್ನಬೇಕು. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಹರಿದ ಮೇಲೆ ಮುಚ್ಚಿ, ಆಮೇಲೆ "ಬಿಡಿ" ಅನ್ನಬೇಕು. ಈ ಕ್ರಮ ತಪ್ಪಿದರೆ ಗಾಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಕಂದು ಆಯಿಲ್, ನಡುನಡುವೆ ಸಣ್ಣ ಗುಳ್ಳೆಗಳ ಸಾಲು, ಕೊನೆಗೆ ತಿಳಿ ಆಯಿಲ್ ಒಂದೇ ಎಳೆಯಾಗಿ ಬರುತ್ತದೆ. ಅಲ್ಲಿಯವರೆಗೂ ಮೇಲಿನ ಡಬ್ಬಿ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮೈಗೆ, ಪೇಂಟಿಗೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ. ಹಳೇ ಆಯಿಲ್ ವಿಷ, ಮಕ್ಕಳ ಕೈಗೆ ಸಿಗುವಂತೆ ಬಿಡಬೇಡಿ, ಚರಂಡಿಗೂ ಸುರಿಯಬೇಡಿ.

ಯಾರೋ ಗೊತ್ತಿಲ್ಲದೆ ಬ್ರೇಕ್ ಡಬ್ಬಿಗೆ ಇಂಜಿನ್ ಆಯಿಲ್ ಹಾಕಿಬಿಟ್ಟರು.

ಗಾಡಿ ಓಡಿಸಬೇಡಿ. ಪೆಡಲ್ ಕೂಡ ತುಳಿಯಬೇಡಿ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಸೋಕಿದರೆ ಬ್ರೇಕಿನ ರಬ್ಬರ್‌ಗಳು ಊದಿಕೊಳ್ಳುತ್ತವೆ. ಲೈನಿಗೆ ಇಳಿದಿದ್ದರೆ ಎಲ್ಲ ರಬ್ಬರ್, ಹೋಸ್ ಬದಲಿಸಿ ಪೈಪ್ ತೊಳೆಯಲೇಬೇಕು.

ಮಂಡ್ಯ ಕಡೆ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಅದರ ಮೇಲೆ ಹೋದ ಮೇಲೆ ಬ್ರೇಕ್ ಮೆತ್ತಗಾಯಿತು. ಸಂಬಂಧ ಇದೆಯಾ?

ಇರಬಹುದು. ಒಕ್ಕಣೆ ಹುಲ್ಲು ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಅದು ಬ್ರೇಕ್ ಹೋಸನ್ನು ಎಳೆದು ಜೋಡಣೆಯಲ್ಲಿ ಸಡಿಲ ಮಾಡಬಹುದು. ಮುಂದೆ ಹೋಗಿ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಸೈಲೆನ್ಸರ್ ಹತ್ತಿರ ಸಿಕ್ಕಿಕೊಂಡ ಹುಲ್ಲು ಮೊದಲು ತೆಗೆಯಿರಿ, ಬೆಂಕಿ ಹತ್ತುವ ಅಪಾಯವೂ ಇದೆ. ಹೋಸಿಗೆ ಸುತ್ತಿದ್ದನ್ನು ಎಳೆದು ಕೀಳಬೇಡಿ, ಕತ್ತರಿಸಿ ಬಿಡಿಸಿ.

ನಾಲ್ಕು ಸಲ ತುಳಿದರೆ ಬ್ರೇಕ್ ಹಿಡಿಯುತ್ತದೆ. ಹಾಗೇ ನಿಧಾನಕ್ಕೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಲಾ?

ಬೇಡ. ಮೆಕ್ಯಾನಿಕ್ಕನ್ನು ನಿಮ್ಮ ಮನೆಗೇ ಕರೆಸಿ, ಇಲ್ಲವೇ ಗಾಡಿಯನ್ನು ಲಾರಿ ಮೇಲೆ ಹಾಕಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಎರಡನೇ ಸಲ ತುಳಿಯಲು ಅರ್ಧ ಸೆಕೆಂಡ್ ಹೋದರೆ 14 ಮೀಟರ್ ಹೋಯಿತು. ಊರೊಳಗೆ ನಿಧಾನಕ್ಕೆ ಹೋದರೂ ಕಬ್ಬಿನ ಟ್ರ್ಯಾಕ್ಟರ್ ಹಿಂದೆ, ಶಾಲೆ ಬಿಡುವ ಹೊತ್ತಿನಲ್ಲಿ, ಆ ಅರ್ಧ ಸೆಕೆಂಡ್ ನಿಮ್ಮ ಕೈಯಲ್ಲಿರುವುದಿಲ್ಲ.

ಓಡುತ್ತಿರುವಾಗಲೇ ಪೆಡಲ್ ನೆಲಕ್ಕೆ ಹೋದರೆ?

ಬಿಡದೆ ಬೇಗ ಬೇಗ ಪಂಪ್ ಮಾಡಿ. ಜೊತೆಗೇ ಗೇರ್ ಒಂದೊಂದಾಗಿ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗುತ್ತದೆ. ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಹಾರ್ನ್, ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬನ್ನಿ. ಎರಡು ಸರ್ಕ್ಯೂಟ್ (ಬೇರೆ ಬೇರೆಯಾದ ಎರಡು ಬ್ರೇಕ್ ಲೈನ್) ಇರುವ ಕಾರಿನಲ್ಲಿ ಒಂದು ಹೋದರೂ ಇನ್ನೊಂದು ಉಳಿದಿರುತ್ತದೆ. ಪೆಡಲ್ ಆಳಕ್ಕೆ ಹೋದ ಮೇಲೆ ಹಿಡಿಯುತ್ತದೆ, ಅದಕ್ಕೇ ಜೋರಾಗಿ ತುಳಿಯುತ್ತಲೇ ಇರಿ. ತೀರಾ ಹಳೇ ಸಿಂಗಲ್ ಸರ್ಕ್ಯೂಟ್ ಕಾರುಗಳಿಗೆ ಆ ಅನುಕೂಲ ಇಲ್ಲ. ಅಂಥ ಕಾರಿನವರು ಹ್ಯಾಂಡ್‌ಬ್ರೇಕ್ ಕೇಬಲ್ ಚೆನ್ನಾಗಿಟ್ಟುಕೊಳ್ಳಲೇಬೇಕು.

ರಿಪೇರಿ ಆದ ಮೇಲೆ ಸರಿಯಾಗಿದೆ ಅಂತ ಹೇಗೆ ತಿಳಿಯುವುದು?

ಗ್ಯಾರೇಜಿನಿಂದ ಹೊರಡುವ ಮುಂಚೆ ಅಲ್ಲೇ ಕೂತು ತುಳಿಯಿರಿ. ಮೊದಲ ಒತ್ತಿಗೂ ಮೂರನೇ ಒತ್ತಿಗೂ ಎತ್ತರ ಒಂದೇ ಇರಬೇಕು. ಇಂಜಿನ್ ಓಡುತ್ತಿರುವಾಗ ಒಂದು ನಿಮಿಷ ಒತ್ತಿ ಹಿಡಿದರೂ ಇಳಿಯಬಾರದು. ಆಮೇಲೆ ಖಾಲಿ ಜಾಗದಲ್ಲಿ ನಡೆಯುವ ವೇಗಕ್ಕೆ, ನಂತರ 20, 30ಕ್ಕೆ ಬ್ರೇಕ್ ಹಾಕಿ ನೋಡಿ. ಒಂದು ಕಡೆಗೆ ಎಳೆದರೆ ವಾಪಸ್ ಕೊಡಿ. ಮಾರನೇ ದಿನ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಡಬ್ಬಿಯ ಮಟ್ಟ ಮತ್ತು ಪೆಡಲ್ ಎತ್ತರ ಇನ್ನೊಮ್ಮೆ ನೋಡಿ. ರಾತ್ರಿ ನಿಂತು ಮತ್ತೆ ಮೆತ್ತಗಾಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹಿಂದಿನ ಡ್ರಮ್ಮಿನಿಂದ ಹುಡುಕಾಟ ಮತ್ತೆ ಶುರು ಮಾಡಿ.